ಹಾಡದೆ ಬಿಟ್ಟ ಹತ್ತೊಂಬತ್ತು ಸಾವು

ಕರೆವ್ವನಿಗೆ ಅಕ್ಷರ ಬರುವುದಿಲ್ಲ. ಹಾಗಿದ್ದೂ, ಒಂದು ಅಂಕಿಯನ್ನು ನಂಬುವ ಮೊದಲು ಏನು ಕೇಳಬೇಕು ಎಂಬುದನ್ನು ನನಗೆ ಕಲಿಸಿದವಳು ಅವಳೇ. ನಾನು ಹೈಸ್ಕೂಲಿನ ವಿಜ್ಞಾನದ ಶಿಕ್ಷಕಿ, ಗೋಡೆಗೆ ತೂಗುಹಾಕಲು ಎರಡು ಪದವಿಗಳಿವೆ. ಇದನ್ನು ಒಪ್ಪಿಕೊಳ್ಳುವಾಗ ಮುಜುಗರವಾಗುತ್ತದೆ. ಆದರೂ ಒಪ್ಪಿಕೊಳ್ಳುತ್ತೇನೆ.

ನಮ್ಮದು ರಾಮದುರ್ಗ ತಾಲೂಕು. ಸಾಲಹಳ್ಳಿಯಲ್ಲಿ ಬಸ್ಸಿಳಿದು ಒಳಗೆ ಮೂರು ಕಿಲೋಮೀಟರು ನಡೆದರೆ ಊರು. ನಾನು ಬೈಲಹೊಂಗಲದವಳು, ಆರು ವರ್ಷದಿಂದ ಕರೆವ್ವನ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೇನೆ. ಹಿಂದಿನ ಎರಡು ಖೋಲಿಗಳಲ್ಲಿ ಅವಳು ಮತ್ತು ಮೊಮ್ಮಗಳು ಶಿವಾನಿ. ಶಿವಾನಿಯ ತಾಯಿ ಮಹಾನಂದಾ ನಾನು ಬರುವುದಕ್ಕೆ ಎರಡು ವರ್ಷ ಮೊದಲು, ಇದೇ ತವರುಮನೆಯಲ್ಲಿ ತೀರಿಕೊಂಡಿದ್ದಳು. ತಂದೆ ಕಲ್ಮೇಶ ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಡೆ ಟ್ರ್ಯಾಕ್ಟರ್ ಓಡಿಸುತ್ತಾನೆ, ಉಳಿದ ದಿನಗಳಲ್ಲಿ ಸಿಕ್ಕ ಕೆಲಸ ಮಾಡುತ್ತಾನೆ.

ಕರೆವ್ವನಿಗೆ ಈಗ ಅರವತ್ತೆಂಟು. ಹೊಲದ ಕೂಲಿ ಮಾಡಿ ಬದುಕಿದವಳು. ಆದರೆ ಊರು ಅವಳನ್ನು ನೆನೆಸಿಕೊಳ್ಳುವುದು ಸಾವಿನ ಮನೆಯಲ್ಲಿ. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಬರೀ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವಳು ಯಾರ ಮಗಳು, ಯಾವ ಊರಿಂದ ಬಂದಳು, ಏನು ಕಂಡಳು, ಏನು ಕಾಣದೆ ಹೋದಳು, ಎಲ್ಲವೂ ಆ ಅಳುವಿನಲ್ಲಿ ಬರಬೇಕು. ಕರೆವ್ವ ಕುಳಿತು, ಸೆರಗನ್ನು ಮುಖಕ್ಕೆ ಹಿಡಿದು ಶುರು ಮಾಡಿದರೆ ಬಿಗಿಯಾಗಿ ನಿಂತ ಗಂಡಸರೂ ಒಬ್ಬೊಬ್ಬರಾಗಿ ಹೊರಗೆ ನಡೆಯುತ್ತಾರೆ. ಎಲ್ಲ ಜಾತಿಯ ಮನೆಗಳಿಂದಲೂ ಅವಳಿಗೆ ಹೇಳಿಕಳಿಸುತ್ತಾರೆ. ಅವಳು ಕರೆದಲ್ಲೆಲ್ಲ ಹೋಗುತ್ತಾಳೆ, ಯಾರಿಂದಲೂ ಏನನ್ನೂ ಇಸಿದುಕೊಳ್ಳುವುದಿಲ್ಲ.

ಅದಕ್ಕೆ ಅವಳದೇ ಒಂದು ಪದ್ಧತಿ ಇದೆ. ಹಾಡುವ ಮೊದಲು ಆ ಮನೆಯ ಹಿರಿಯ ಹೆಂಗಸನ್ನು ಅಡುಗೆಮನೆಗೆ ಕರೆದು ಮೂರು ಮಾತು ಕೇಳುತ್ತಾಳೆ. ಕಡೆಗೆ ಏನು ಬೇಡಿದರು, ಏನಾಗಿ ಹೋದರು, ಯಾವುದನ್ನು ಹಾಡಬಾರದು. ಹಾಡಬಾರದ್ದು ಪ್ರತಿ ಮನೆಯಲ್ಲೂ ಇರುತ್ತದೆ. ಅಣ್ಣತಮ್ಮಂದಿರ ಜಗಳ, ಕುಡಿತ, ನೋಡಿಕೊಳ್ಳದ ಮಗ. ಇವೆಲ್ಲಕ್ಕಿಂತ ಮೊದಲು ಮುಚ್ಚುತ್ತಿದ್ದದ್ದು ಕ್ಯಾನ್ಸರ್. ಆ ಹೆಸರು ಹೊರಗೆ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳ ಲಗ್ನ ನಿಂತವೆಂದೇ ಅರ್ಥ. ಹಾಗಾಗಿ ಹೊಟ್ಟೆನೋವು ಎನ್ನುತ್ತಿದ್ದರು, ಮುಪ್ಪು ಎನ್ನುತ್ತಿದ್ದರು. ಕರೆವ್ವನೂ ಹಾಗೇ ಹಾಡುತ್ತಿದ್ದಳು, ಪಂಚಾಯಿತಿಯ ಪುಸ್ತಕದಲ್ಲೂ ಹಾಗೇ ಬರೆಸುತ್ತಿದ್ದರು.

ಈ ವರ್ಷ ಹದಿನಾಲ್ಕು ತುಂಬಿದ ಹುಡುಗಿಯರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಾರದಂತೆ ಲಸಿಕೆ ಹಾಕಿಸುವ ಮಾತು ಬಂತು. ನಮ್ಮ ಶಾಲೆಯಲ್ಲಿ ಅಂಥ ಹುಡುಗಿಯರು ಇಪ್ಪತ್ತಾರು, ಅವರಲ್ಲಿ ಶಿವಾನಿ ಒಬ್ಬಳು. ಮನೆಯವರ ಸಹಿಗಾಗಿ ಒಪ್ಪಿಗೆ ಕಾಗದ ಕೊಟ್ಟು ಕಳಿಸಿದೆ. ಒಂದು ವಾರದಲ್ಲಿ ಸಹಿಯಾಗಿ ಬಂದವು ಐದು. ಉಳಿದವು ಬರಲೇ ಇಲ್ಲ, ಅವುಗಳ ಬದಲು ಒಂದು ಪಟ್ಟಿ ಬಂತು.

ಪಟ್ಟಿ ಮಾಡಿದವರು ನಿಜಗುಣಪ್ಪ, ನಿವೃತ್ತ ಪೋಸ್ಟ್ ಮಾಸ್ತರರು. ಮೂವತ್ತು ವರ್ಷದಲ್ಲಿ ಒಂದು ಕಾಗದ ಕಳೆಯದ ಮನುಷ್ಯ. ಅವರ ಹೆಂಡತಿ ಸುಂದರವ್ವ ಕೊರೊನಾ ಲಸಿಕೆ ಹಾಕಿಸಿಕೊಂಡ ಎಂಟು ತಿಂಗಳಿಗೆ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಹೊಸ ಸೂಜಿಯ ಸುದ್ದಿ ಕೇಳಿದ್ದೇ ಅವರು ಪಂಚಾಯಿತಿಯಲ್ಲಿ ನಾಲ್ಕು ದಿನ ಕೂತು ಸಾವಿನ ಪುಸ್ತಕ ತಿರುವಿದರು. ೨೦೧೧ರಿಂದ ೨೦೨೦ರವರೆಗೆ, ಹತ್ತು ವರ್ಷದಲ್ಲಿ, ಕ್ಯಾನ್ಸರಿನಿಂದಾದ ಸಾವು ಮೂರು. ೨೦೨೧ರಿಂದ ಐದು ವರ್ಷದಲ್ಲಿ ಹದಿನಾಲ್ಕು. ನಡುವೆ ಕೆಂಪು ಗೆರೆ ಎಳೆದು "ಲಸಿಕೆ ಬಂದದ್ದು" ಎಂದು ಬರೆದು, ರಾಮದುರ್ಗದಲ್ಲಿ ಟೈಪ್ ಮಾಡಿಸಿ ಗಿರಣಿಯ ಗೋಡೆಗೆ ಹಚ್ಚಿದರು. ಸಂಜೆಯ ಹೊತ್ತಿಗೆ ಅದು ಎಲ್ಲರ ವಾಟ್ಸಾಪಿನಲ್ಲಿತ್ತು. ಅವರು ಒಂದು ಅಂಕಿಯನ್ನೂ ಸುಳ್ಳು ಬರೆದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಿತ್ತು.

ನಾನು ತಾಯಂದಿರನ್ನು ಕರೆದು ಬೋರ್ಡಿನ ಮೇಲೆ ವೈರಾಣುವಿನ ಚಿತ್ರ ಬಿಡಿಸಿದೆ. ದೇಶದ ಅಂಕಿ, ಪರದೇಶದ ಅಂಕಿ ಹೇಳಿದೆ. ಸತ್ಯವ್ವ ಎಂಬ ತಾಯಿ ಎದ್ದು ಕೇಳಿದಳು, "ಅಕ್ಕೋರ, ನಮ್ಮೂರಾಗ ಯಾರ ಸತ್ರು, ಯಾಕ ಸತ್ರು ಅನ್ನೋದನ್ನ ನೀವು ನೋಡೀರೇನ್ರಿ? ಪೋಸ್ಟ್ ಮಾಸ್ತರು ನೋಡ್ಯಾರ." ನಾನು ನೋಡಿರಲಿಲ್ಲ. ಚಾಕ್‌ಪೀಸು ಕೆಳಗಿಟ್ಟೆ.

ಮನೆಗೆ ಬಂದರೆ ಕರೆವ್ವ ಅಳಿಯನೊಂದಿಗೆ ಫೋನಿನಲ್ಲಿದ್ದಳು. ಸ್ಪೀಕರ್ ಆರಿಸುವುದು ಅವಳಿಗೆ ಗೊತ್ತಿಲ್ಲ, ಹಾಗಾಗಿ ಇಬ್ಬರ ಮಾತೂ ಕೇಳುತ್ತಿತ್ತು. ಶಿವಾನಿ ನೀರಿಗೆ ಹೋಗಿದ್ದಳು.

"ನಾ ಸಹಿ ಮಾಡಂಗಿಲ್ರಿ ಅತ್ತಿ. ಅಕಿ ಅವ್ವಗ ಗರ್ಭಕೋಶದ ಬಾಯಿ ಕ್ಯಾನ್ಸರ್ ಆಗಿತ್ತು. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಈಗ ಈ ಸೂಜಿ ಮಾಡ್ಸಿ ಮಗಳ ಮೈಯಾಗೂ ಅದನ್ನ ಎಬ್ಬಸೂದೇನು? ಮಾಸ್ತರು ಗಿರಣಿ ಗ್ವಾಡಿಗೆ ಹಚ್ಚಿದ ಯಾದಿ ನೋಡಿಲ್ಲೇನ್ರಿ ನೀವು?"

"ನರ್ಸಬಾಯಿ ಸಪ್ನಾ ಹೇಳ್ಯಾಳ, ಆ ಬ್ಯಾನಿ ರಕ್ತದಾಗ ಬರೂದಲ್ಲಂತ. ಅದಕ್ಕೊಂದು ವೈರಸ್ ಇರತೈತಂತ. ಸೂಜಿ ಅದನ್ನ ಒಳಗ ಬಿಡಂಗಿಲ್ಲಂತ."

"ಸಪ್ನಾ ಹೇಳ್ತಾಳ, ಅಕಿ ನೌಕರಿ ಐತಿ. ಮಾಸ್ತರಿಗೆ ಏನ ಲಾಭ ಐತಿ? ಯಾದಿ ತಪ್ಪೈತಿ ಅಂತ ತೋರಸ್ರಿ, ನಾ ಬಂದು ಸಹಿ ಮಾಡತೇನಿ."

ಫೋನು ಮುಗಿದ ಮೇಲೆ ಕರೆವ್ವ ನನ್ನ ಕಡೆ ನೋಡಿದಳು. ಮಹಾನಂದಾ ಹೊಟ್ಟೆನೋವಿನಿಂದ ಹೋದಳೆಂದು ನಾನು ಆರು ವರ್ಷ ನಂಬಿದ್ದೆ. ಶಿವಾನಿ ಈಗಲೂ ಹಾಗೇ ನಂಬಿದ್ದಾಳೆ.

"ಹುಡುಗಿಗೆ ಗೊತ್ತಿಲ್ರಿ ಅಕ್ಕೋರ. ಆರು ವರ್ಷದ್ದಿತ್ತು ಆಗ," ಎಂದಳು ಕರೆವ್ವ. "ನಾಳೆ ಆ ಯಾದಿ ಓದಿ ಹೇಳ್ರಿ ನನಗ."

ಮರುದಿನ ರವಿವಾರ. ಓದಿ ಹೇಳಿದೆ. ಹತ್ತು ವರ್ಷದಲ್ಲಿ ಮೂರು ಎಂದಾಗ ಅವಳು ನನ್ನನ್ನು ತಡೆದಳು.

"ಮೂರ?"

"ಪುಸ್ತಕದಲ್ಲಿ ಮೂರೇ ಇವೆ."

"ಪುಸ್ತಕ ಯಾರ ಮನಿಗೆ ಹೋಗಿತ್ತು? ಮನಿಯವ್ರ ಹೇಳಿದ್ದು ಪುಸ್ತಕಕ್ಕ ಹೋಗತೈತಿ. ಸಾವಿಗೊಂದು ಗೀಟ ಹಾಕೊಳ್ರಿ ನೀವು. ಹೆಸರ ಮಾತ್ರ ಬರೀಬ್ಯಾಡ್ರಿ."

ಕಣ್ಣು ಮುಚ್ಚಿ ಓಣಿ ಓಣಿ ನಡೆದಳು. ಊರ ಅಗಸಿ ಬಾಗಿಲಿನಿಂದ ಎಡಕ್ಕೆ ಮೂರನೆಯ ಮನೆ, ಕೊರೊನಾಕ್ಕಿಂತ ಎರಡು ವರ್ಷ ಮೊದಲು, ಬಾಯಿಯ ಹುಣ್ಣು, ಜ್ವರ ಎಂದು ಹಾಡಿದ್ದು. ಅದರ ಎದುರು ಮನೆ, ಸೊಸೆ, ಎದೆಯ ಗಂಟು, ಹೆರಿಗೆಯ ನಂಜು ಎಂದು ಹಾಡಿದ್ದು. ಪ್ರತಿಯೊಂದಕ್ಕೂ ಯಾವ ಹಂಗಾಮು, ಹೊಲದಲ್ಲಿ ಏನು ಪೀಕು, ಆ ವರ್ಷ ಯಾರ ಮನೆಯ ಲಗ್ನ ಎಂದು ಗುರುತು ಕೊಟ್ಟಳು. ನಾನು ಅಡ್ಡಪ್ರಶ್ನೆ ಹಾಕಿ ಎರಡು ಸಲ ಸಿಕ್ಕಿಸಲು ನೋಡಿದೆ, ಸಿಕ್ಕಲಿಲ್ಲ. ತನಗೆ ಅನುಮಾನವಿದ್ದ ಐದಾರನ್ನು ಅವಳೇ ಬಿಡಿಸಿದಳು. "ದವಾಖಾನಿಯವ್ರು ಬಾಯಿಬಿಟ್ಟ ಹೇಳಿದ್ದು ಅಷ್ಟ ಹಿಡೀರಿ," ಎಂದಳು. ಕೊನೆಗೆ ಗೀಟುಗಳನ್ನು ಎಣಿಸಿದೆ. ಹದಿನೆಂಟು.

"ಹತ್ತೊಂಬತ್ತು," ಎಂದು ತಿದ್ದಿದಳು. "ಈ ಮನೀದು ನೀವು ಹಾಕಿಲ್ಲ."

ಪುಸ್ತಕದಲ್ಲಿದ್ದ ಮೂರು ಬೇರೆ. ಅವಳು ಅಳಲು ಹೋಗದ ಮನೆಗಳು ಇನ್ನೂ ಬೇರೆ. ಆಮೇಲಿನ ಹದಿನಾಲ್ಕು ಯಾಕೆ ಪುಸ್ತಕಕ್ಕೆ ಬಂದವು ಎಂದು ಕೇಳಿದೆ.

"ಈಗ ಸರಕಾರದ ಕಾರ್ಡಿನ ಮ್ಯಾಲ ಫುಕಟ್ ಔಷಧ ಸಿಗತೈತಿ. ಅದಕ್ಕ ಬ್ಯಾನಿ ಹೆಸರ ಬರಸಬೇಕು. ಹೆಣದ ಜೋಡಿ ದವಾಖಾನಿ ಕಾಗದ ಬರತೈತಿ, ಅದನ್ನ ಪಂಚಾಯ್ತಿಗೆ ಕೊಡ್ತಾರ. ಮೊದಲ ಯಾರ ದವಾಖಾನಿಗೆ ಹೋಗತಿದ್ರು?"

"ಹಾಗಾದರೆ ಕ್ಯಾನ್ಸರ್ ಹೆಚ್ಚಾಗಿಲ್ಲ ಅಂತೀರಾ?"

"ನಾ ಯಾವಾಗ ಹಂಗ ಅಂದೆ?" ಸಿಡುಕಿದಳು. "ಹೆಚ್ಚಾಗಿರಬಹುದು. ತಂಬಾಕ ಐತಿ, ಹೊಲಕ್ಕ ಹೊಡಿಯೋ ಎಣ್ಣಿ ಐತಿ, ನನಗೇನ ಗೊತ್ತು? ಮೊದಲ ಎಷ್ಟಿತ್ತು ಅನ್ನೋದ ಗೊತ್ತಿಲ್ಲದಾವಗ, ಹೆಚ್ಚಾತು ಅನ್ನೋದು ಹೆಂಗ ಗೊತ್ತಾತು? ಅಷ್ಟ ಕೇಳಾಕತ್ತೇನಿ."

ನಾನು ಅಂದು ಬೋರ್ಡಿನ ಮುಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು. ನನಗೆ ಹೊಳೆದಿರಲಿಲ್ಲ.

ಶನಿವಾರ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಅಷ್ಟರೊಳಗೆ ಹದಿನೆಂಟು ಮನೆಗಳಿಗೂ ಹೋಗಿ, ಆ ಹೆಸರು ಹೇಳಲು ಒಪ್ಪಿಗೆ ಕೇಳುತ್ತೇನೆ ಎಂದಳು. ನಾನು ನಕ್ಕೆ, ಹೆಸರಿಲ್ಲದೆ ಸುಮ್ಮನೆ ಸಂಖ್ಯೆ ಹೇಳಿಬಿಡಿ ಎಂದೆ. "ಬರೇ ಸಂಖ್ಯಾ ಹೇಳಿದ್ರ ಮುದುಕಿ ಬಾಯಿಗೆ ಬಂದಂಗ ಹೇಳ್ತಾಳ ಅಂತಾರ," ಎಂದಳು. ಕೇಳದೆಯೇ ಹೆಸರು ಹೇಳಿಬಿಡಿ, ಸತ್ತವರು ಬಂದು ಜಗಳವಾಡುವುದಿಲ್ಲ ಎಂದೆ. ಆಗ ಅವಳಿಗೆ ಬಂದ ಕೋಪ ನಾನು ಆರು ವರ್ಷದಲ್ಲಿ ಕಂಡಿರಲಿಲ್ಲ. "ಒಲಿ ಮುಂದ ಕೂತು ನಂಬಿ ಹೇಳ್ಯಾರ ಅಕ್ಕೋರ. ನಿಮಗ ಅದು ಲೆಕ್ಕ. ನನಗ ಮಾತು."

ಐದು ದಿನ ತಿರುಗಿದಳು. ಬಿಳಿಜೋಳ ಕೀಳುವ ಸುಗ್ಗಿ, ಜನ ಹೊಲದಲ್ಲಿ ಸಿಗುತ್ತಿದ್ದರು, ಅಲ್ಲಿಗೂ ಹೋದಳು. ಒಂದು ಮನೆಯಲ್ಲಿ ಚಹಾ ಕೊಟ್ಟು, ಅವಳು ಮಾತು ತೆಗೆದ ಕೂಡಲೇ ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಇನ್ನೊಂದರಲ್ಲಿ ಮಡಿವಾಳೆಪ್ಪ ಎಂಬ ಮುದುಕ ಕೈಮುಗಿದು, "ಮಗನ್ನ ಒಮ್ಮೆ ಮಣ್ಣಾಗ ಇಟ್ಟೇನಿ, ಮತ್ತ ತಗೀಬ್ಯಾಡವಾ," ಎಂದನಂತೆ. ಹದಿನೇಳು ಮನೆ, ಹದಿನೇಳು ಬ್ಯಾಡ. ಪ್ರತಿ ಸಂಜೆ ಕಾಲು ತೊಳೆದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ನಾಳೆ ಉಳಿದದ್ದು ನೋಡೂಣು." ನನಗೆ ಅವಳನ್ನು ನೋಡಿ ಮರುಕವೂ ಆಗುತ್ತಿತ್ತು, ಸ್ವಲ್ಪ ಭಯವೂ ಆಗುತ್ತಿತ್ತು.

ಹದಿನೆಂಟನೆಯದು ನಿಜಗುಣಪ್ಪನವರ ಮನೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ನನ್ನನ್ನೂ ಕರೆದುಕೊಂಡು ಹೋದಳು.

ಮಾಸ್ತರರು ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕರೆವ್ವ ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತಳು. ಒಂದು ಕಾಲಕ್ಕೆ ಆ ಮನೆಯಲ್ಲಿ ಕೆಲಸಕ್ಕಿದ್ದವಳು.

"ಮಾಸ್ತರ್ರ, ನಿಮ್ಮ ಯಾದಿಯೊಳಗ ನಿಮ್ಮ ಅವ್ವಾರು ಕೆಂಪ ಗೆರಿ ಯಾವ ಕಡೆ ಅದಾರ್ರಿ?"

"ನಮ್ಮವ್ವ ಎಲ್ಲಿ ಬಂದ್ಲು? ಇಂದ್ರವ್ವ ತೀರಿಕೊಂಡದ್ದು ಹದಿಮೂರನೇ ಇಸವಿ. ಮುಪ್ಪಾಗಿತ್ತು."

"ಪುಸ್ತಕದಾಗ ಹಂಗಂತ ಬರಸಿದಾವ್ರು ಯಾರ್ರಿ?"

"ನಾನ."

"ಏಳು ತಿಂಗಳ ಅವರ ಎದಿ ಮ್ಯಾಲಿನ ಹುಣ್ಣಿನ ಅರಿವಿ ಬದಲಿಸಿದಾಕಿ ನಾನರಿ."

ಮಾಸ್ತರರ ಮುಖ ನೋಡಿದರೆ ಮುಚ್ಚಿಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ನಿಜಕ್ಕೂ ಮರೆತಿದ್ದರು. ಹನ್ನೆರಡು ವರ್ಷ ಮುಪ್ಪು ಎಂದು ಹೇಳುತ್ತಾ ಬಂದು ತಾವೇ ಅದನ್ನು ನಂಬಿದ್ದರು. ಪಂಚಾಯಿತಿಯಲ್ಲಿ ನಾಲ್ಕು ದಿನ ಪುಟ ತಿರುವುವಾಗ ತಾವೇ ಬರೆಸಿದ ಆ ಸಾಲಿನ ಮೇಲೆ ಕಣ್ಣು ಹಾದುಹೋಗಿರಬೇಕು.

"ಮಗಳ ಲಗ್ನ ಗೊತ್ತಾಗಿತ್ತು ಆಗ," ಎಂದರು ಕೊನೆಗೆ. ಆಮೇಲೆ ದನಿ ಗಟ್ಟಿಯಾಯಿತು. "ಒಂದ ತಪ್ಪಿರಬಹುದು. ಅದಕ್ಕ ಎಲ್ಲಾ ಸುಳ್ಳೇನು? ಸುಂದರವ್ವನ್ನ ಸ್ಕೂಟರ್ ಮ್ಯಾಲ ಕೂಡ್ರಿಸಿಕೊಂಡು ಹೋಗಿ ಸೂಜಿ ಮಾಡಿಸಿದಾವ ನಾನು. ಒಲ್ಲೆ ಅಂದ್ಲು. ನಾನ ಒತ್ತಾಯ ಮಾಡಿದೆ."

ಆಗ ನನಗೆ ಆ ಪಟ್ಟಿಯ ಕೆಂಪು ಗೆರೆ ಅರ್ಥವಾಯಿತು. ಅದುವರೆಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ಕರೆವ್ವ ಹೇಳಿದಳು, "ಅವರಿಗೆ ಬ್ಯಾನಿ ಎಂದ ಹತ್ತಿತ್ತು ಅನ್ನೋದು ನನಗ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಿಮ್ಮ ತಲಿ ಮ್ಯಾಲ ಹೊತಗೊಂಡೀರಿ, ಹೊತಗೋರಿ. ಊರ ಹುಡುಗ್ಯಾರ ತಲಿ ಮ್ಯಾಲ ಹೊರಸಬ್ಯಾಡ್ರಿ. ಇಂದ್ರವ್ವಾರ ಹೆಸರ ನಾಳೆ ಸಾಲ್ಯಾಗ ಹೇಳಲೇನ್ರಿ?"

"ಬ್ಯಾಡ," ಎಂದರು ಮಾಸ್ತರರು. "ನಡೀರಿ ಇಬ್ಬರೂ."

ದಾರಿಯಲ್ಲಿ ನಾನು ಸೋತೆವು ಎಂದೆ. ಮನೆಯ ಹತ್ತಿರ ಬಂದಾಗ ಕರೆವ್ವ ನಿಂತು, "ಒಂದ ಹೆಸರಿಗೆ ಯಾರನ್ನೂ ಕೇಳಬೇಕಾಗಿಲ್ಲ," ಎಂದಳು. ಅದು ಮಗಳ ಹೆಸರು ಎಂದು ನನಗೆ ಅರ್ಥವಾಯಿತು. ಸವದತ್ತಿಯಲ್ಲಿರುವ ಕಲ್ಮೇಶನ ಅಕ್ಕ ಭಾಗೀರಥಿ ಶಿವಾನಿಯನ್ನು ತನ್ನ ಮಗನಿಗೆ ತಂದುಕೊಳ್ಳುವುದಾಗಿ ಆಗಲೇ ಮಾತಾಡಿಟ್ಟಿದ್ದಳು. ಹುಡುಗಿ ಡಿಗ್ರಿ ಓದಿದ ಮೇಲೆ ಎಂದು ಎಲ್ಲರೂ ಒಪ್ಪಿದ್ದ ಮಾತು. ಅದು ಮುರಿದುಬೀಳುತ್ತದೆ, ಊರಿಡೀ ಶಿವಾನಿಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ ಎಂದೆ.

"ನೋಡ್ಲಿ. ಹುಡುಗಿ ಜೀವಂತ ಇದ್ರ ಅಲ್ಲೇನು ನೋಡೋದು?"

ಶನಿವಾರದ ಸಭೆಗೆ ಹಿಂದೆಂದೂ ಬಾರದಷ್ಟು ಜನ ಬಂದರು. ಕಲ್ಮೇಶ ಬೆಳಗಿನ ಬಸ್ಸಿಗೆ ಬಂದಿದ್ದ. ಕರೆವ್ವ ಒಪ್ಪಿಗೆ ಕೇಳಿದ ಮನೆಗಳವರೆಲ್ಲ ಇದ್ದರು, ಮುದುಕಿ ಏನು ಬಾಯಿಬಿಡುತ್ತಾಳೋ ಎಂಬ ಅಂಜಿಕೆಯಿಂದ. ನಿಜಗುಣಪ್ಪನವರು ಎಲ್ಲರ ಹಿಂದೆ ಬಾಗಿಲ ಬಳಿ ನಿಂತರು. ಹುಡುಗಿಯರು ಒಂದು ಪಕ್ಕಕ್ಕೆ ಜಮಖಾನೆಯ ಮೇಲೆ ಕುಳಿತಿದ್ದರು.

ಕರೆವ್ವ ಎದ್ದು ನಿಂತಳು. ಸಾವಿನ ಮನೆಯ ದನಿ ಅದಾಗಿರಲಿಲ್ಲ, ಸಂತೆಯಲ್ಲಿ ಮಾತಾಡುವ ದನಿ.

"ಕೊರೊನಾ ಸೂಜಿ ಬರೋದಕ್ಕಿಂತ ಮೊದಲ ಹತ್ತು ವರ್ಷದಾಗ ನಾ ಹೋಗಿ ಅತ್ತ ಮನಿಯೊಳಗ ಹತ್ತೊಂಬತ್ತು ಮಂದಿ ಕ್ಯಾನ್ಸರಿನಿಂದ ಹೋಗ್ಯಾರ. ಪುಸ್ತಕದಾಗ ಅವರಿಲ್ಲ. ಹದಿನೆಂಟು ಹೆಸರ ಹೇಳಬ್ಯಾಡಂತ ಹೇಳೀರಿ, ಹೇಳಂಗಿಲ್ಲ. ಅಂಜಬ್ಯಾಡ್ರಿ. ಹತ್ತೊಂಬತ್ತನೇದು ನನ್ನ ಮಗಳು ಮಹಾನಂದಾ. ಹದಿನೆಂಟನೇ ಇಸವಿ. ಗರ್ಭಕೋಶದ ಬಾಯಿ ಕ್ಯಾನ್ಸರ್. ಹೊಟ್ಟಿಬ್ಯಾನಿ ಅಂತ ನಾನ ಹಾಡಿದೆ, ನಾನ ಪಂಚಾಯ್ತಿಗೆ ಹೇಳಿದೆ, ಅಕಿ ಮಗಳಿಗೂ ಹೇಳಿದೆ. ಸುಳ್ಳ ಹೇಳಿದೆ. ಯಾದಿ ತಪ್ಪಾದದ್ದು ನನ್ನಂಥಾವರಿಂದ."

ನಾನು ಶಿವಾನಿಯ ಕಡೆ ನೋಡಲಾರದೆ ನೋಡಿದೆ. ಅವಳು ಅಜ್ಜಿಯನ್ನು ದಿಟ್ಟಿಸುತ್ತಿದ್ದಳು, ಕಣ್ಣಿನಲ್ಲಿ ನೀರಿರಲಿಲ್ಲ. ಪಕ್ಕದ ಹುಡುಗಿ ತುಸು ಸರಿದು ಕುಳಿತಳು. ಅದನ್ನು ಕಂಡು ನನಗೆ ಅಳು ಬಂತು.

ಆಗ ಬಾಗಿಲ ಬಳಿಯಿಂದ ಒಂದು ದನಿ ಕೇಳಿಸಿತು.

"ಹದಿಮೂರನೇ ಇಸವಿದಾಗ ಒಂದ ಹೆಸರ ಬರಕೋರಿ. ಇಂದ್ರವ್ವ. ನಮ್ಮವ್ವ." ನಿಜಗುಣಪ್ಪನವರು ಅಷ್ಟು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಊರೆಲ್ಲ ಬದಲಾಯಿತು ಎಂದು ಬರೆಯಲು ಆಸೆಯಿದೆ, ಆದರೆ ಹಾಗಾಗಲಿಲ್ಲ. ಇಪ್ಪತ್ತಾರರಲ್ಲಿ ಹದಿನೇಳು ಕಾಗದಗಳಿಗೆ ಸಹಿ ಬಿತ್ತು, ಒಂಬತ್ತು ಬರಲಿಲ್ಲ. ಮಾಸ್ತರರು ಗಿರಣಿಯ ಗೋಡೆಯ ಪಟ್ಟಿಯನ್ನು ತಾವೇ ಕಿತ್ತರು. ಆದರೆ ಫೋನಿನಲ್ಲಿದ್ದದ್ದು ಕಿತ್ತೂರು, ಬೈಲಹೊಂಗಲ ದಾಟಿ ಹೋಗಿತ್ತು. ಅಲ್ಲಿಯವರಿಗೆ ಇಂದ್ರವ್ವ ಯಾರೆಂದು ಗೊತ್ತಿಲ್ಲ. ನನ್ನ ತಮ್ಮನೇ ಅದನ್ನು ನನಗೆ ಕಳಿಸಿ ಜಾಗ್ರತೆಯಾಗಿರು ಎಂದ.

ಕಲ್ಮೇಶ ಸಹಿ ಮಾಡಿದ. ಪೆನ್ನು ಒತ್ತಿ ಒತ್ತಿ, ಕಾಗದ ಹರಿಯುವಂತೆ. "ಅಕ್ಕನ ಫೋನ್ ಬಂದಿತ್ತು ಅತ್ತಿ. ಸಂಬಂಧ ಬ್ಯಾಡಂತ. ನಾಳೆ ಬ್ಯಾರೆ ಯಾರರ ಕೇಳಾಕ ಬಂದ್ರ ನೀವ ಮುಂದ ಕುಂತು ಉತ್ತರ ಕೊಡಬೇಕು."

"ಕೊಡತೇನಿ," ಎಂದಳು ಕರೆವ್ವ. "ಮೊದಲ ಇದನ್ನ ಹೇಳತೇನಿ. ಕೇಳಿ ಎದ್ದು ಹೋಗೋ ಮಂದಿ ನಮಗೂ ಬ್ಯಾಡ."

ಶಿವಾನಿ ಮಾತು ಬಿಟ್ಟಳು. ಅಜ್ಜಿ ಬಡಿಸಿದ್ದನ್ನು ಉಣ್ಣುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಐದು ದಿನ ಹಾಗೇ ನಡೆಯಿತು. ಕರೆವ್ವ ಬೇಡಿಕೊಳ್ಳಲಿಲ್ಲ, ರಮಿಸಲಿಲ್ಲ. ಅವಳಿಗೆ ಸಂಕಟವಾಗುತ್ತಿತ್ತು, ರೊಟ್ಟಿ ಬಡಿಯುವಾಗ ಕೈ ನಿಂತುಹೋಗುತ್ತಿತ್ತು. "ಅಕಿ ಸಿಟ್ಟ ಖರೇ ಐತಿ," ಎಂದಳು ನನ್ನೊಡನೆ.

ಗುರುವಾರ ಆರೋಗ್ಯ ಕೇಂದ್ರಕ್ಕೆ ಹದಿನೇಳು ಹುಡುಗಿಯರನ್ನು ಟೆಂಪೋದಲ್ಲಿ ಕರೆದೊಯ್ದೆ. ಸೂಜಿಯಾಯಿತು, ಅರ್ಧ ಗಂಟೆ ಕೂರಿಸಿದರು, ಎಲ್ಲರೂ ಚೆನ್ನಾಗಿದ್ದರು. ಊರ ಹೊರಗೆ ಟೆಂಪೋ ನಿಂತಾಗ ಕರೆವ್ವ ಕೂಲಿಯಿಂದ ಬಂದು ಕಾಯುತ್ತಿದ್ದಳು. ಮೂವರೂ ಮನೆಯ ಕಡೆ ನಡೆದೆವು. ನಾನು ಬೇಕೆಂದೇ ಎರಡು ಹೆಜ್ಜೆ ಹಿಂದುಳಿದೆ.

ಶಿವಾನಿ ನೋಯುವ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು.

"ಆಯಿ, ಅವ್ವಗ ಭಾಳ ತ್ರಾಸ ಆಗಿತ್ತೇನು?"

ಕರೆವ್ವ ನಿಂತಳು. ಈ ಪ್ರಶ್ನೆಗೆ ಮಕ್ಕಳಿಗೆ ಕೊಡುವ ಉತ್ತರ ಎಲ್ಲರಿಗೂ ಗೊತ್ತಿದೆ. ಅವಳು ಅದನ್ನು ಕೊಡಲಿಲ್ಲ.

"ಹೌದವಾ," ಎಂದಳು. "ಭಾಳ ಆಗಿತ್ತು."

ಶಿವಾನಿ ಅಜ್ಜಿಯ ಕೈ ಹಿಡಿದುಕೊಂಡಳು. "ಎಲ್ಲಾ ಹೇಳು," ಎಂದಳು. ಕರೆವ್ವ ಹೇಳತೊಡಗಿದಳು.